ಚಹಾ, ಕಬ್ಬಿಣ ಮತ್ತು ಇಂಡಿಯ ಲಿಂಬೆ

ಹಾಲು ಬೆರೆಸದ ಗಟ್ಟಿ ಚಹಾದಲ್ಲಿ ತುಕ್ಕುಹಿಡಿದ ಮೊಳೆಯೊಂದನ್ನು ರಾತ್ರಿಯೆಲ್ಲ ಮುಳುಗಿಸಿಟ್ಟು ಬೆಳಗ್ಗೆ ನೋಡಿದರೆ ದ್ರವವು ಮಸಿಯಂತೆ ಕಪ್ಪಾಗಿರುತ್ತದೆ. ಅದಕ್ಕೆ ಲಿಂಬೆಯ ರಸವನ್ನು ಧಾರಾಳವಾಗಿ ಹಿಂಡಿದರೆ ಕಪ್ಪು ತಿಳಿಯಾಗುತ್ತದೆ. (ಪ್ರಯೋಗ ಮುಗಿದೊಡನೆ ಅದನ್ನು ಚೆಲ್ಲಿಬಿಡಬೇಕೆಂದು ಬೇರೆ ಹೇಳಬೇಕಾಗಿಲ್ಲ.) ಹಿಂದಿನವರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು, ಎಂದರೆ ಕಬ್ಬಿಣದ ಸಲ್ಫೇಟನ್ನು, ಬೆರೆಸಿ ಮಸಿ ಮಾಡುತ್ತಿದ್ದುದೂ ಇದೇ ಕ್ರಿಯೆಯ ಬಲದಿಂದ.

ಇಲ್ಲಿ ಕೆಲಸಮಾಡುವುವು ಫೀನಾಲಿಕ್ ಆಮ್ಲಗಳೂ ಅವುಗಳ ಬಂಧುಗಳೂ. ಆರು ಇಂಗಾಲದ ಪರಮಾಣುಗಳ ಉಂಗುರ, ಅದರ ಅಂಚಿನಲ್ಲಿ ಆಮ್ಲಜನಕ ಜಲಜನಕಗಳ ಜೋಡಿ. ಇದೇ ಇವುಗಳ ಗುರುತು. ಅಳಲೆಯಲ್ಲಿಯೂ ಚಹಾದಲ್ಲಿಯೂ ಇರುವ ಗ್ಯಾಲಿಕ್ ಆಮ್ಲದಲ್ಲಿ ಇಂಥ ಜೋಡಿಗಳು ಮೂರು, ಒಂದರ ಮಗ್ಗುಲಿಗೊಂದು. ಪಕ್ಕಪಕ್ಕದ ಎರಡು ಜೋಡಿಗಳು ಇಕ್ಕಳದಂತೆ ಕಬ್ಬಿಣದ ಅಯಾನನ್ನು ಹಿಡಿಯುತ್ತವೆ. ಆಗ ಉಂಗುರದ ಎಲೆಕ್ಟ್ರಾನು ಕಬ್ಬಿಣದ ಕಡೆಗೆ ಜಿಗಿಯುವುದು ಸುಲಭವಾಗಿ, ಕಣ್ಣಿಗೆ ಕಾಣುವ ಬೆಳಕಿನ ಬಹುಭಾಗವು ಆ ಜಿಗಿತಕ್ಕೇ ವ್ಯಯವಾಗುತ್ತದೆ. ನಮಗೆ ಉಳಿಯುವುದು ಕಪ್ಪು. ಜೋಳದ ಹೊಟ್ಟಿನಲ್ಲಿರುವ ಫೆರುಲಿಕ್ ಆಮ್ಲದ ಉಂಗುರಕ್ಕೆ ಇಂಥ ಜೋಡಿ ಒಂದೇ. ಅದರ ಹಿಡಿತ ಸಡಿಲ.

ಈ ಹಿಡಿತದಿಂದ ಜೀವಿಗೆ ರಕ್ಷಣೆಯುಂಟು. ಹೈಡ್ರೊಜನ್ ಪೆರಾಕ್ಸೈಡಿಗೆ ಕಬ್ಬಿಣದ ಲವಣವು ತುಸುವೇ ಸೇರಿದರೂ ಅದು ಟಾರ್ಟಾರಿಕ್ ಆಮ್ಲವನ್ನು, ಎಂದರೆ ನಮ್ಮ ಹುಣಸೆಯ ಹುಳಿಯನ್ನು, ಭರದಿಂದ ಉತ್ಕರ್ಷಿಸುವುದೆಂದು ಇಂಗ್ಲೆಂಡಿನ ಫೆಂಟನ್ ಎಂಬ ರಸಾಯನಜ್ಞನು ೧೮೯೪ರಲ್ಲಿ ಪ್ರಕಟಿಸಿದನು. ಹೇಬರ್ ಮತ್ತು ವೈಸ್ ೧೯೩೪ರಲ್ಲಿ ಕಾರಣವನ್ನು ಸೂಚಿಸಿದರು: ಕಬ್ಬಿಣವು ಪೆರಾಕ್ಸೈಡನ್ನು ಒಡೆದಾಗ, ಒಂಟಿ ಎಲೆಕ್ಟ್ರಾನನ್ನು ಹೊತ್ತ ಹೈಡ್ರಾಕ್ಸಿಲ್ ರ್ಯಾಡಿಕಲ್ ಹುಟ್ಟುತ್ತದೆ. ಈ ಪುಂಡನಿಗೆ ಜೀವಕೋಶದ ಕೊಬ್ಬು, ಪ್ರೋಟೀನು ಯಾವುದೂ ವರ್ಜ್ಯವಲ್ಲ. ಫೀನಾಲಿಕ್ ಆಮ್ಲವು ಕಬ್ಬಿಣವನ್ನು ಹಿಡಿದಿಟ್ಟು ಅದರ ಹುಟ್ಟನ್ನೇ ತಡೆಯಬಲ್ಲುದು. ಹುಟ್ಟಿದ ರ್ಯಾಡಿಕಲ್ಲಿಗೆ ತನ್ನ ಜಲಜನಕವನ್ನಿತ್ತು ಶಮನಗೊಳಿಸಲೂ ಬಲ್ಲುದು. ಫೆರುಲಿಕ್ ಆಮ್ಲವು ಮುಖ್ಯವಾಗಿ ಎರಡನೆಯ ಬಗೆಯದು. ಆದರೆ ಇವನ್ನು ಅಮೃತವೆಂದು ಹೊಗಳುವವರ ಮಾತನ್ನು ನಾವು ಒಪ್ಪಲಾರೆವು. ಕೆಲವು ಸಂದರ್ಭಗಳಲ್ಲಿ ಇವೇ ಕಬ್ಬಿಣಕ್ಕೆ ಎಲೆಕ್ಟ್ರಾನನ್ನು ಮರಳಿಸಿ ಫೆಂಟನ್ ಕ್ರಿಯೆಯನ್ನು ಚುರುಕುಗೊಳಿಸುವುದುಂಟು.

ಇನ್ನೊಂದು ತೊಡಕು ಊಟದ್ದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆನೆಲದವರಿಗೆ ಜೋಳದ ರೊಟ್ಟಿಯಿಲ್ಲದೆ ಊಟವಿಲ್ಲ. ಜೋಳದಲ್ಲಿ ಕಬ್ಬಿಣವಿದೆ, ಅದನ್ನು ಬಿಗಿಹಿಡಿಯುವ ಫೈಟಿಕ್ ಆಮ್ಲವೂ ಇದೆ. ಅದರ ಮೇಲೆ ರೊಟ್ಟಿಯ ಬೆನ್ನಿಗೇ ಚಹಾ ಕುಡಿದರೆ ಕರುಳಿನಲ್ಲಿಯೂ ಆ ಮೊಳೆಯ ಲೋಟದ ಕಥೆಯೇ ನಡೆದು, ಕಬ್ಬಿಣದ ಎಷ್ಟೋ ಪಾಲು ರಕ್ತಕ್ಕೆ ಸೇರದೆ ಹೊರಬೀಳುತ್ತದೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ ೧೫ರಿಂದ ೪೯ ವರ್ಷದ ಸ್ತ್ರೀಯರಲ್ಲಿ ನೂರಕ್ಕೆ ೫೭ ಮಂದಿ ರಕ್ತಹೀನತೆಯುಳ್ಳವರು. ವಿದ್ಯಾರ್ಥಿನಿಯರು ಇದನ್ನು ಗಮನಿಸಬೇಕು. ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆ ಬಿಟ್ಟರೆ ನಷ್ಟವು ಕಡಮೆಯಾಗುತ್ತದೆ. ಪರಿಹಾರದ ಉಳಿದರ್ಧವು ಇಂಡಿಯ ತೋಟಗಳಲ್ಲಿಯೇ ಇದೆ. ಲಿಂಬೆಯ ಸಿ ಜೀವಸತ್ವವು ಕಬ್ಬಿಣಕ್ಕೆ ಎಲೆಕ್ಟ್ರಾನನ್ನಿತ್ತು ಕರುಳು ಹೀರಬಲ್ಲ ರೂಪಕ್ಕೆ ತರುತ್ತದೆ. ಸಿಟ್ರಿಕ್ ಆಮ್ಲವು ಅದನ್ನು ಕರಗಿದ ಸ್ಥಿತಿಯಲ್ಲಿ ಇರಿಸುತ್ತದೆ. ಬೇಳೆ ಪಲ್ಯಗಳನ್ನು ಒಲೆಯಿಂದಿಳಿಸಿದ ಮೇಲೆಯೇ ಲಿಂಬೆ ಹಿಂಡಬೇಕು. ಕುದಿಯುವಾಗ ಹಿಂಡಿದರೆ ಆ ಜೀವಸತ್ವವು ಬಹಳಷ್ಟು ನಾಶವಾಗುತ್ತದೆ.