ಎರಡೂ ಛಲೋ ಅದಾವ, ಒಂದಕ್ಕೊಂದು ಕಾಣಂಗಿಲ್ಲ

‘ಸರ್ವರ್ ಬಿದ್ದೈತ್ರಿ, ಊಟಾ ಮಾಡ್ಕೊಂಡ್ ಬರ್ರಿ.’ ವಿಜಯಪುರದಲ್ಲಿ ಕೌಂಟರಿನ ಮುಂದೆ ನಿಂತವರೆಲ್ಲ ಒಂದಲ್ಲ ಒಂದು ಸಲ ಕೇಳಿದ ಮಾತಿದು. ಸರ್ವರ್ ನೋಡಿಕೊಳ್ಳುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಈ ಮಾತು ಕಿವಿಗೆ ಬಿದ್ದರೆ ಸುಮ್ಮನಿರಲಾಗುವುದಿಲ್ಲ. ಬಹಳ ಸಲ ಸರ್ವರ್ ಎದ್ದೇ ಕುಳಿತಿರುತ್ತದೆ. ಕೆಟ್ಟಿರುವುದು ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ.

ದ್ರಾಕ್ಷಿ ಸುಗ್ಗಿಯ ಹೊತ್ತಿನಲ್ಲಿ ಒಂದು ಪತ್ತಿನ ಸಂಘದಿಂದ ಫೋನು ಬಂತು. ಹೆಸರು ಬೇಡ. ಹೆಡ್ಡಾಫೀಸು ವಿಜಯಪುರದಲ್ಲಿ, ಶಾಖೆಗಳು ತಿಕೋಟಾ, ಬಬಲೇಶ್ವರಗಳಲ್ಲಿ. ಒಣದ್ರಾಕ್ಷಿ ಮಾರಿದ ದುಡ್ಡು ಜಮಾ ಆಗುವ, ಹಳೆಯ ಸಾಲ ತೀರುವ ದಿನಗಳು. ಅಲ್ಲಿಯ ಹುಡುಗನ ದನಿಯಲ್ಲಿ ಅಳುವೊಂದು ಬಾಕಿ.

‘ಸರ್, ಎರಡೂ ಮಷಿನ್ ಛಲೋ ಅದಾವ್ರೀ. ಆದ್ರ ಒಂದಕ್ಕೊಂದು ಕಾಣಂಗಿಲ್ಲಂತಾವ್ರೀ. ರೀಸ್ಟಾರ್ಟ್ ಮಾಡಿದ್ರ ಸರಿ ಆಗ್ತಾವ, ಮತ್ತ ಐದ್ ಮಿನಿಟಿಗೆ ಅದ ಹಣೆಬರಾ.’

ಅವನು ಮಷಿನ್ ಎಂದದ್ದು ವರ್ಚುವಲ್ ಮಷಿನ್‌ಗಳಿಗೆ. ಒಂದು ಗಟ್ಟಿ ಸರ್ವರಿನ ಮೆಮರಿ, ಪ್ರೊಸೆಸರುಗಳನ್ನು ತಂತ್ರಾಂಶದಿಂದ ಪಾಲು ಮಾಡಿ, ಒಂದೇ ಪೆಟ್ಟಿಗೆಯೊಳಗೆ ಹಲವು ಕಂಪ್ಯೂಟರ್ ನಡೆಸಬಹುದು. ಪ್ರತಿಯೊಂದೂ ತಾನೇ ಪೂರ್ತಿ ಕಂಪ್ಯೂಟರ್ ಎಂದುಕೊಂಡಿರುತ್ತದೆ. ಅಂಥ ಎರಡನ್ನು ಜೋಡಿ ಮಾಡಿ, ಒಂದು ದುಡಿಯುವಾಗ ಇನ್ನೊಂದು ಕಾಯುತ್ತಿರಲಿ ಎಂದರೆ ಅದು ಕ್ಲಸ್ಟರ್. ‘ನಾನಿದ್ದೇನೆ’ ಎಂದು ಎರಡೂ ಸದಾ ಸುದ್ದಿ ಕಳಿಸುತ್ತಿರುತ್ತವೆ. ಇದಕ್ಕೆ ಹಾರ್ಟ್‌ಬೀಟ್ ಎನ್ನುತ್ತಾರೆ. ವಿಂಡೋಸ್ ಸರ್ವರ್ 2012ರ ಕ್ಲಸ್ಟರಿನಲ್ಲಿ ಸೆಕೆಂಡಿಗೊಂದರಂತೆ ಐದು ಬಡಿತ ತಪ್ಪಿದರೆ ಜೊತೆಗಾರ ಸತ್ತಂತೆ ಲೆಕ್ಕ. 2016ರ ಆವೃತ್ತಿಯಲ್ಲಿ ಹತ್ತಕ್ಕೆ ಏರಿಸಿದರು. ಸಂಘದಲ್ಲಿದ್ದದ್ದು ಲಿನಕ್ಸ್ ಕ್ಲಸ್ಟರ್, ಅದರಲ್ಲಿ ಈ ಬಡಿತ ಸಾಗಿಸುವ ಕೋರೋಸಿಂಕ್ ಎಂಬ ತಂತ್ರಾಂಶದ ಹಳೆಯ ಆವೃತ್ತಿ.

ಮೊದಲು ಎರಡೂ ಒಂದೇ ಪೆಟ್ಟಿಗೆಯಲ್ಲಿದ್ದವು. ಪೆಟ್ಟಿಗೆಯೇ ಸುಟ್ಟರೆ ಜೋಡಿ ಇದ್ದು ಏನು ಬಂತು? ಅದಕ್ಕೇ ಹೊಸ ಸರ್ವರ್ ಕೊಂಡು, ಮೇಲಿನ ಮಾಳಿಗೆಯಲ್ಲಿಟ್ಟು, ಒಂದನ್ನು ಅಲ್ಲಿಗೆ ಸಾಗಿಸಿದ್ದರು. ಮಾಡಿದ್ದು ಸರಿಯೇ. ತೊಂದರೆ ಶುರುವಾದದ್ದು ಮಾತ್ರ ಅಂದಿನಿಂದಲೇ.

ನಾನು ಹೋಗಿ ಮೊದಲು ಮಾಡಿದ್ದು, ಸಂಜೆ ಕೌಂಟರ್ ಮುಚ್ಚಿದ ಮೇಲೆ ಎರಡನ್ನೂ ಮತ್ತೆ ಹಳೆಯ ಪೆಟ್ಟಿಗೆಗೇ ತಂದು ಕೂಡಿಸಿದ್ದು. ತುಟಿಪಿಟಕ್ಕೆನ್ನದೆ ನಡೆದವು. ಬೇರೆ ಮಾಡಿದೆ, ಮತ್ತೆ ಜಗಳ. ಅರ್ಧ ರೋಗ ಇಲ್ಲೇ ಗೊತ್ತಾಯಿತು. ಒಂದೇ ಪೆಟ್ಟಿಗೆಯಲ್ಲಿರುವಾಗ ಅವುಗಳ ಮಾತು ಮೆಮರಿಯೊಳಗೇ ಮುಗಿಯುತ್ತದೆ, ಕೇಬಲ್ ತುಳಿಯುವುದೇ ಇಲ್ಲ. ಬೇರೆಯಾದರೆ ನೆಟ್‌ವರ್ಕ್ ಕಾರ್ಡು, ಕೇಬಲ್ಲು, ಸ್ವಿಚ್ಚು, ಮತ್ತೆ ಕೇಬಲ್ಲು, ಮತ್ತೆ ಕಾರ್ಡು. ಆದಿಲ್‌ಶಾಹಿ ಕಾಲದಲ್ಲಿ ನಮ್ಮ ಊರಿಗೆ ತೊರವಿಯಿಂದ ಸುರಂಗದಲ್ಲಿ, ಬೇಗಂ ತಲಾಬಿನಿಂದ ಕೊಳವೆಯಲ್ಲಿ ನೀರು ಬರುತ್ತಿತ್ತು. ನಡುನಡುವೆ ಒತ್ತಡ ಇಳಿಸಿ ಕೆಸರು ತಡೆಯಲು ಗಂಜ್ ಎಂಬ ಗೋಪುರಗಳು. ಕೆರೆ ತುಂಬಿದ್ದೂ ನಲ್ಲಿ ಬತ್ತಿದರೆ ಗಂಜ್‌ಗಳನ್ನೇ ಒಂದೊಂದಾಗಿ ನೋಡಬೇಕಿತ್ತು. ಇಲ್ಲೂ ಅಷ್ಟೇ.

‘ಪಿಂಗ್ ಹೊಂಟೈತಲ್ರಿ ಸರ್,’ ಎಂದ ಹುಡುಗ. ಎಲ್ಲರೂ ಮೋಸ ಹೋಗುವುದು ಈ ಪಿಂಗಿಗೇ. ಪಿಂಗ್ ಎಂದರೆ ‘ಇದ್ದೀಯಾ?’ ಎಂದು ಒಬ್ಬರಿಂದ ಒಬ್ಬರಿಗೆ ಹೋಗುವ ಕಾಗದ. ಹಳೆಯ ಕೋರೋಸಿಂಕ್‌ನ ಬಡಿತ ಹಾಗಲ್ಲ. ಅದು ಮಲ್ಟಿಕಾಸ್ಟ್, ಒಂದು ಗುಂಪಿನ ವಿಳಾಸಕ್ಕೆ ಹೋಗುವಂಥದ್ದು. ಈ ಎರಡು ಬಗೆಯನ್ನೂ ಒಟ್ಟಿಗೆ ಅಳೆಯಲು ಆಂಪಿಂಗ್ ಎಂಬ ಸಣ್ಣ ಸಾಧನವಿದೆ. ಹತ್ತು ನಿಮಿಷ ಓಡಲು ಬಿಟ್ಟು ಚಹಾ ತರಿಸಿದೆವು. ನಾಲ್ಕು ನಿಮಿಷದವರೆಗೆ ಎರಡು ಸಾಲೂ ಸಾಫು. ಆಮೇಲೆ ಪಿಂಗಿನ ಸಾಲು ಮಾತ್ರ ಉಳಿಯಿತು, ಮಲ್ಟಿಕಾಸ್ಟ್ ಸಾಲು ನಿಂತೇ ಹೋಯಿತು.

ಕಾರಣ ಸ್ವಿಚ್ಚಿನೊಳಗಿತ್ತು. ಗುಂಪಿನ ಸುದ್ದಿಯನ್ನು ಬೇಡದವರಿಗೂ ಹಂಚಬಾರದೆಂದು ಸ್ವಿಚ್ಚು ಯಾರು ಯಾರು ಗುಂಪು ಸೇರಿದ್ದಾರೆಂದು ಬರೆದಿಟ್ಟುಕೊಳ್ಳುತ್ತದೆ. ಐಜಿಎಂಪಿ ಸ್ನೂಪಿಂಗ್ ಎಂದರೆ ಇದೇ. ‘ಇನ್ನೂ ಇದ್ದೀರೇನ್ರಪಾ?’ ಎಂದು ಆಗಾಗ ಕೇಳುವ ಕ್ವೆರಿಯರ್ ಒಂದು ಜಾಲದಲ್ಲಿರಬೇಕು. ಇಲ್ಲಿ ಕೇಳುವವರೇ ಇರಲಿಲ್ಲ. ಉತ್ತರ ಬಾರದಿದ್ದರೆ ಸಾಮಾನ್ಯವಾಗಿ 260 ಸೆಕೆಂಡಿಗೆ ಹೆಸರು ಅಳಿಸಿಹೋಗುತ್ತದೆ, ಅಂದರೆ ನಾಲ್ಕು ನಿಮಿಷ 20 ಸೆಕೆಂಡು. ರೀಸ್ಟಾರ್ಟ್ ಮಾಡಿದಾಗ ಮಷಿನ್ ಮತ್ತೆ ಗುಂಪಿಗೆ ಹೆಸರು ಕೊಡುತ್ತದೆ, ಮತ್ತೆ ನಾಲ್ಕು ನಿಮಿಷ ಜೀವ. ರೀಸ್ಟಾರ್ಟಿನ ಮೇಲೆ ನಮ್ಮ ಜನಕ್ಕಿರುವ ಭಕ್ತಿ ಹುಟ್ಟಿದ್ದು ಹೀಗೇ ಇರಬೇಕು.

ಸ್ವಿಚ್ಚಿನಲ್ಲಿ ಕ್ವೆರಿಯರ್ ಚಾಲೂ ಮಾಡಿದೆವು. ಕೆಲಸ ಎರಡು ಸಾಲಿನದು.

ಇಷ್ಟು ಹೊತ್ತು ದತ್ತಾಂಶ ಕೆಡದೆ ಉಳಿದದ್ದು ಫೆನ್ಸಿಂಗ್‌ನಿಂದ. ಸುದ್ದಿ ನಿಂತೊಡನೆ ಎರಡೂ ಮಷಿನ್ ‘ಅವನು ಸತ್ತ, ಇನ್ನು ನಾನೇ ಯಜಮಾನ’ ಎಂದು ಒಂದೇ ಡಿಸ್ಕಿಗೆ ಬರೆಯತೊಡಗಿದರೆ ಖಾತೆ ಪುಸ್ತಕ ಚಿಂದಿ. ಅದಕ್ಕೇ ಯಜಮಾನಿಕೆ ಹಿಡಿಯುವ ಮೊದಲು ಇನ್ನೊಂದನ್ನು ಆಫ್ ಮಾಡಿಸಬೇಕೆಂಬ ನಿಯಮ. ಮಷಿನ್‌ಗಳು ಪದೇ ಪದೇ ರೀಬೂಟ್ ಆಗುತ್ತಿದ್ದದ್ದೂ ಇದರಿಂದಲೇ. ಸಿಟ್ಟಿಗೆದ್ದು ಫೆನ್ಸಿಂಗ್ ತೆಗೆದುಹಾಕುವವರಿದ್ದಾರೆ. ದಯವಿಟ್ಟು ಬೇಡ.

ಇದು ಬರೀ ಸಣ್ಣ ಸಂಘಗಳ ಗೋಳಲ್ಲ. 2018ರ ಅಕ್ಟೋಬರ್ 21ರಂದು ಪ್ರೋಗ್ರಾಂ ಬರೆಯುವವರ ಕೋಡ್ ಇಟ್ಟುಕೊಳ್ಳುವ ಗಿಟ್‌ಹಬ್ ಕಂಪನಿಯವರು ಅಮೆರಿಕದ ಪೂರ್ವ ಕರಾವಳಿಯಲ್ಲಿ ಕೆಟ್ಟ ನೆಟ್‌ವರ್ಕ್ ಉಪಕರಣವೊಂದನ್ನು ಬದಲಿಸುವಾಗ ಸಂಪರ್ಕ 43 ಸೆಕೆಂಡು ಕಡಿಯಿತು. ಅಷ್ಟರಲ್ಲೇ ಕ್ಲಸ್ಟರ್ ಯಜಮಾನಿಕೆಯನ್ನು ಪಶ್ಚಿಮ ಕರಾವಳಿಗೆ ಕೊಟ್ಟುಬಿಟ್ಟಿತು. ಎರಡೂ ಕಡೆ ಇನ್ನೊಂದರಲ್ಲಿಲ್ಲದ ಬರಹ ಉಳಿಯಿತು. ಸೇವೆ ಪೂರ್ತಿ ಸರಿಹೋಗಲು 24 ಗಂಟೆ 11 ನಿಮಿಷ ಹಿಡಿಯಿತು. ಕಂಪನಿಯೇ ಎಲ್ಲವನ್ನೂ ಬಿಚ್ಚಿ ಬರೆದು ಪ್ರಕಟಿಸಿತು. ಆ ದಿಟ್ಟತನ ನನಗೆ ಹಿಡಿಸುತ್ತದೆ.

ಸಂಘದಲ್ಲಿ ಉಳಿದದ್ದು ಮಷಿನ್‌ಗಳ ಮತದ ಲೆಕ್ಕ. ಸುದ್ದಿ ಕಡಿದಾಗ ಯಜಮಾನ ಯಾರೆಂದು ಅವು ಬಹುಮತದಿಂದ ತೀರ್ಮಾನಿಸಬೇಕು. ಇಬ್ಬರೇ ಇದ್ದರೆ ಬಹುಮತ ಎಲ್ಲಿಂದ ಬರಬೇಕು? ಮೂರನೆಯ ಮತ ಬೇಕು, ಅದಕ್ಕೆ ಸಣ್ಣ ಕಂಪ್ಯೂಟರ್ ಸಾಕು. ಇಲ್ಲೇ ಹೆಡ್ಡಾಫೀಸಿನಲ್ಲಿಡೋಣ ಎಂದರು ಮ್ಯಾನೇಜರು.

‘ಸಾಹೇಬ್ರ, ಮೂರೂ ಒಂದ ಸ್ವಿಚ್ಚಿಗೆ ಜೋತ್ ಬಿದ್ರ, ಅದು ಹೋದಾಗ ಮೂರೂ ಹೋಗ್ತಾವ್ರಿ,’ ಎಂದೆ.

ಆ ಸಣ್ಣ ಕಂಪ್ಯೂಟರನ್ನೀಗ ತಿಕೋಟಾ ಶಾಖೆಯಲ್ಲಿಟ್ಟಿದ್ದಾರೆ. ಕಸ ಹೊಡೆಯುವಾಗ ಯಾರೂ ಪ್ಲಗ್ ಕೀಳಬಾರದೆಂದು ಹುಡುಗ ಮೇಲೊಂದು ಚೀಟಿ ಅಂಟಿಸಿದ್ದಾನೆ.