ಕಾರ್ಡು ಐತ್ರಿ, ನೋಡಾವ್ರು ಯಾರ್ರಿ?

ತಿಕೋಟಾದ ಒಂದು ದ್ರಾಕ್ಷಿ ಬೆಳೆಗಾರರ ಮನೆ ಎಂದಿಟ್ಟುಕೊಳ್ಳಿ. ಎಪ್ಪತ್ತೆರಡರ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡರು. ವಿಜಯಪುರಕ್ಕೆ ಒಯ್ದು ಆಪರೇಷನ್ ಮಾಡಿಸಿ, ವಾರದಲ್ಲಿ ಮನೆಗೆ ಕರೆತಂದದ್ದಾಯಿತು. ಆಸ್ಪತ್ರೆಯ ಬಿಲ್ಲು ಕಾರ್ಡಿನಲ್ಲಿ ಹೋಯಿತು. ಮರುದಿನ ಬೆಳಗಾದರೆ ಅವ್ವನನ್ನು ಎಬ್ಬಿಸಿ ಕೂಡಿಸುವವರು, ಮೈ ತೊಳೆಸುವವರು, ಹೊರಕಡೆಗೆ ಒಯ್ಯುವವರು ಯಾರು? ಮಗ ತೋಟದಲ್ಲಿ, ಸೊಸೆ ನೌಕರಿಯಲ್ಲಿ, ಮೊಮ್ಮಕ್ಕಳು ಪುಣೆಯಲ್ಲಿ. "ಕಾರ್ಡು ಐತ್ರಿ, ಮನ್ಯಾಗ ನೋಡಾವ್ರು ಯಾರ್ರಿ?" ಎಂಬ ಮಾತು ಹುಟ್ಟುವುದು ಆಗ.

ಆರೋಗ್ಯ ವಿಮೆ ರೋಗಕ್ಕೆ ಹಣ ಕೊಡುತ್ತದೆ, ಮುಪ್ಪಿಗೆ ಕೊಡುವುದಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವೇ ಇದನ್ನು ಬರೆದಿಟ್ಟಿದೆ. ಪಾಲಿಸಿಗಳ ಕೊನೆಯ ಪುಟಗಳಲ್ಲಿ ಯಾವುದಕ್ಕೆ ಹಣವಿಲ್ಲ ಎಂಬ ಪಟ್ಟಿಯಿರುತ್ತದೆ. ಅದರಲ್ಲಿ ಐದನೆಯ ಸಂಕೇತದ ಅಡಿ ವಿಶ್ರಾಂತಿಗಾಗಿ ದಾಖಲಾಗುವುದು ಮತ್ತು ಆರೈಕೆ ಸೇರಿವೆ. ಸ್ನಾನ ಮಾಡಿಸುವುದು, ಬಟ್ಟೆ ಉಡಿಸುವುದು, ನಡೆದಾಡಿಸುವುದು, ಇಂಥ ಕೆಲಸಕ್ಕೆ ನರ್ಸ್ ಬಂದರೂ ಆಯಾ ಬಂದರೂ, ಮನೆಯಲ್ಲಾದರೂ ಆರೈಕೆ ಕೇಂದ್ರದಲ್ಲಾದರೂ, ಆ ಸಂಬಳ ಕ್ಲೇಮಿನಲ್ಲಿ ಬರುವುದಿಲ್ಲ. ವೃದ್ಧಾಶ್ರಮದ ತಿಂಗಳ ಶುಲ್ಕಕ್ಕೂ ಇದೇ ಮಾತು. ಏಜೆಂಟರು ಪ್ರೀಮಿಯಂ ಹೇಳುವಾಗ ಈ ಪುಟವನ್ನೂ ತೆರೆದು ತೋರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅವರು ತೋರಿಸದಿದ್ದರೆ ನೀವೇ ಕೇಳಿ.

ಹಾಗಾದರೆ ಸಿಗುವುದೇನು? ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ. 30 ಮಾತ್ರ, ಅದೂ 1.5 ಲಕ್ಷದ ಮಿತಿಯಲ್ಲಿ. ತುರ್ತು ಇಲ್ಲದ ಕಡೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಅಲ್ಲಿಂದ ರೆಫರಲ್ ಚೀಟಿ ಪಡೆಯಬೇಕು. ನೇರ ಖಾಸಗಿ ಆಸ್ಪತ್ರೆಗೆ ನುಗ್ಗಿ ಆಮೇಲೆ ಕಾರ್ಡು ಹುಡುಕಿದರೆ ಕೈಯಿಂದ ಕಟ್ಟುವ ಪಾಳಿ ಬರುತ್ತದೆ. 2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರ 70 ದಾಟಿದವರಿಗಾಗಿ ವಯ ವಂದನಾ ಕಾರ್ಡು ತಂದಿತು. ಇದಕ್ಕೆ ಆದಾಯದ ಮಿತಿಯಿಲ್ಲ. ನಿಮ್ಮ ಹಿರಿಯರಿಗೆ ಯಾವ ಕಾರ್ಡು, ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ ಎಂಬುದನ್ನು ಅವರು ನಡೆದಾಡುತ್ತಿರುವಾಗಲೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ ತಿಳಿದುಕೊಳ್ಳಿ. ಬಬಲೇಶ್ವರ, ತಿಕೋಟಾ ಭಾಗದ ಹಳ್ಳಿಗಳ ಬಹಳ ಮಂದಿ ಕೃಷಿ ಪತ್ತಿನ ಸಹಕಾರ ಸಂಘದ ಸದಸ್ಯರು. ಅವರು ಸಹಕಾರಿಗಳ ಯಶಸ್ವಿನಿ ಆರೋಗ್ಯ ಯೋಜನೆಯ ನೋಂದಣಿಯನ್ನು ಪ್ರತಿ ವರ್ಷ ಮರೆಯದೆ ಮಾಡಿಸಬೇಕು.

ಖಾಸಗಿ ಪಾಲಿಸಿ ಕೊಳ್ಳುವವರಿಗೆ ಈಚೆಗೆ ಅನುಕೂಲವಾಗಿದೆ. 65 ದಾಟಿದವರಿಗೆ ಬಾಗಿಲು ಮುಚ್ಚಬಾರದು ಎಂದು 2024ರಲ್ಲಿ ನಿಯಮವಾಯಿತು. ಮೊದಲೇ ಇದ್ದ ಬಿಪಿ, ಸಕ್ಕರೆ ಕಾಯಿಲೆಗೆ ಕಾಯಿಸುವ ಅವಧಿ 4 ವರ್ಷದಿಂದ 3ಕ್ಕೆ ಇಳಿಯಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಯ ಮೇಲಿನ ಶೇ. 18 ಜಿಎಸ್‌ಟಿ ಹೋಯಿತು. ಮಿತಿಗಳನ್ನು ಮಾತ್ರ ಬಿಡದೆ ಓದಿ. ಆರೋಗ್ಯ ಸಂಜೀವಿನಿ ಎಂಬ ಮಾದರಿ ಪಾಲಿಸಿ ಪ್ರತಿ ಬಿಲ್ಲಿನಲ್ಲೂ ಶೇ. 5 ಪಾಲನ್ನು ರೋಗಿಯ ತಲೆಗೆ ಹಾಕುತ್ತದೆ. ಕಣ್ಣಿನ ಪೊರೆಯ ಆಪರೇಷನ್‌ಗೆ ಒಂದು ಕಣ್ಣಿಗೆ 40,000 ದಾಟಿ ಕೊಡುವುದಿಲ್ಲ. ಡಿಸ್ಚಾರ್ಜ್ ಆದ ಮೇಲೆ 60 ದಿನದ ಔಷಧ, ತಪಾಸಣೆಯ ಖರ್ಚು ಅದರಲ್ಲಿದೆ. ಆಯುಷ್ಮಾನ್‌ನಲ್ಲಿ ಅದು 15 ದಿನವಷ್ಟೆ. ಚೀಟಿ, ರಸೀದಿ ಒಂದನ್ನೂ ಕಳೆಯಬೇಡಿ.

ಉಳಿದದ್ದು ಆರೈಕೆಯ ಹಣ. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ, ಅಂದರೆ ದಿನಕ್ಕೆ 40. ಇಷ್ಟರಲ್ಲಿ ಅರ್ಧ ದಿನದ ಆಳೂ ಸಿಗುವುದಿಲ್ಲ. ಆದ್ದರಿಂದ ಈ ಗಂಟನ್ನು ಬೇರೆಯಾಗಿಯೇ ಕಟ್ಟಬೇಕು. ಒಣದ್ರಾಕ್ಷಿಗೆ ಒಳ್ಳೆಯ ರೇಟು ಬಂದ ವರ್ಷ ಹೊಸ ಗಾಡಿಗಿಂತ ಮೊದಲು ಅಪ್ಪ, ಅವ್ವನ ಹೆಸರು ನೆನಪಾಗಲಿ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ 2023ರ ಏಪ್ರಿಲ್‌ನಿಂದ ಶೇ. 8.2 ಬಡ್ಡಿ ಕೊಡುತ್ತಾ ಬಂದಿದೆ. ಆ ದರದಲ್ಲಿ 10 ಲಕ್ಷ ಇಟ್ಟರೆ ಮೂರು ತಿಂಗಳಿಗೊಮ್ಮೆ 20,500 ರೂಪಾಯಿ. ಒಬ್ಬ ಆಯಾಳ ಪೂರ್ತಿ ಸಂಬಳಕ್ಕೆ ಇದು ಸಾಲದಿರಬಹುದು, ದೊಡ್ಡ ಆಸರೆಯಂತೂ ಹೌದು.

ಅಷ್ಟು ಇಡಗಂಟು ಇಲ್ಲದವರಿಗೆ ಹೊಲವೇ ವಿಮೆ. ಅದನ್ನು ಮಕ್ಕಳ ಹೆಸರಿಗೆ ಹಚ್ಚುವ ದಿನ ನಮ್ಮ ಹಿರಿಯರು ಮೋಸ ಹೋಗುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮು ಇಲ್ಲಿ ಕೈ ಹಿಡಿಯುತ್ತದೆ: ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದೆ ಹೋದರೆ, ಹಿಂದಕ್ಕೆ ಪಡೆಯಬಹುದು. ಆ ಷರತ್ತು ದಾನಪತ್ರದಲ್ಲೇ ಸ್ಪಷ್ಟವಾಗಿ ಇರಲಿ. ಇದೇ ಕಾಯ್ದೆಯಡಿ ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಲ್ಲದು. ಅರ್ಜಿಗೆ ದಾರಿ ತೋಚದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ, ಕರೆ ಉಚಿತ. ಮನೆಯ ಮುತ್ಯಾ, ಆಯಿಗೆ ಈ ಸಂಖ್ಯೆಯನ್ನು ಇಂದೇ ದೊಡ್ಡ ಅಕ್ಷರದಲ್ಲಿ ಬರೆದುಕೊಡಿ.