ಮುತ್ಯಾ ಯಾರು, ಪಣಜೋಬಾ ಯಾರು?

ಅಕ್ಕಲಕೋಟ, ಜತ್ತ ತಾಲ್ಲೂಕುಗಳ ಕನ್ನಡಿಗರ ಮನೆಯಲ್ಲಿ ಅಪ್ಪನ ಅಪ್ಪ ‘ಮುತ್ಯಾ’. ಬೆಂಗಳೂರು ಕಡೆಯವರ ಕಿವಿಗೆ ಇದು ‘ಮುತ್ತಜ್ಜ’ ಆಗಿ ಕೇಳಿಸುತ್ತದೆ, ಅಂದರೆ ಅಜ್ಜನ ಅಪ್ಪ. ಒಂದು ತಲೆಮಾರೇ ಹೆಚ್ಚುಕಡಿಮೆ! ಮಾತಿನಲ್ಲಾದರೆ ನಕ್ಕು ಬಿಡಬಹುದು. ಹೊಲದ ಕಾಗದದಲ್ಲಿ ಹಾಗಲ್ಲ.

ಎರಡೂ ಪದಗಳ ಮೂಲ ಒಂದೇ. ‘ಮುದು’ ಅಂದರೆ ವಯಸ್ಸಾದ, ಹಳೆಯ. ಅದಕ್ಕೆ ಅಜ್ಜ ಸೇರಿ ಮುತ್ತಜ್ಜ, ಅಯ್ಯ ಸೇರಿ ಮುತ್ತಯ್ಯ. ಈ ಮುತ್ತಯ್ಯನೇ ನಮ್ಮ ಬಾಯಲ್ಲಿ ಮುತ್ಯಾ. ತೆಲುಗಿನ ಮುತ್ತಾತನೂ ಇದೇ ಬಳಗದವ. ಇನ್ನು ಸಂಸ್ಕೃತದ ‘ಆರ್ಯ’ ಪ್ರಾಕೃತದಲ್ಲಿ ‘ಅಜ್ಜ’ ಆಗಿ ನಮ್ಮಲ್ಲಿಗೆ ಬಂತು. ಮರಾಠಿಯ ಆಜಾ, ಆಜೋಬಾ ಕೂಡ ಅದೇ ಬೇರಿನವು. ಕಾಸರಗೋಡಿನ ಹವ್ಯಕರ ಮನೆಯಲ್ಲಿ ಮುತ್ತಜ್ಜ ‘ಪಿಜ್ಜ’, ಮೊಮ್ಮಗು ‘ಪುಳ್ಳಿ’.

ನಾವು ತಲೆಮಾರು ಅನ್ನುವುದಕ್ಕೆ ಮರಾಠಿಗರು ‘ಪಿಢಿ’ ಅನ್ನುತ್ತಾರೆ. ಅದು ‘ಪೀಠಿಕಾ’ದಿಂದ ಬಂದದ್ದು, ಕೂರುವ ಮಣೆ. ಅಪ್ಪ ಎದ್ದ ಮಣೆಯ ಮೇಲೆ ಮಗ ಕೂತ ಅಂತ ಲೆಕ್ಕ ಹಿಡಿಯಬಹುದು. ತಾಳವಾಡಿ, ಹೊಸೂರಿನವರು ಕೇಳುವ ತಮಿಳಿನ ‘ತಲೈಮುರೈ’, ಕಾಸರಗೋಡಿನವರು ಕೇಳುವ ಮಲಯಾಳದ ‘ತಲಮುರ’ ಇವೆರಡರಲ್ಲೂ ತಲೆಯ ಜೊತೆಗಿರುವುದು ಸರದಿ.

ಕೆಳಗೆ ಇಳಿದರೆ ನಮ್ಮಲ್ಲಿ ಮಗ, ಮೊಮ್ಮಗ, ಮರಿಮಗ, ಗಿರಿಮಗ. ಮರಾಠಿಯಲ್ಲಿ ಮುಲಗಾ, ನಾತೂ, ಪಣತೂ, ಖಾಪರಪಣತೂ. ಮೆಟ್ಟಿಲುಗಳು ಸರಿಯಾಗಿಯೇ ಇವೆ. ತೊಡಕು ಮೇಲೆ ಹತ್ತುವಾಗ.

ನಾನು ಬಲ್ಲ ರೈತರೊಬ್ಬರು ವಾರಸ ನೋಂದಣಿಗೆ ಅರ್ಜಿ ಬರೆಸಿದರು. “ಹೊಲ ನಮ್ಮ ಮುತ್ಯಾಂದ್ರಿ” ಅಂದರು. ಬರೆಯುವವನಿಗೂ ಕನ್ನಡ ಬರುತ್ತಿತ್ತು, ಆದರೆ ಪುಸ್ತಕದ ಕನ್ನಡ. ‘ಪಣಜೋಬಾ’ ಅಂತ ಬರೆದುಬಿಟ್ಟ. ಸಾತಬಾರಾದಲ್ಲಿದ್ದದ್ದು ಅಜ್ಜನ ಹೆಸರು. ವಂಶಾವಳಿಗೂ ಉತಾರಕ್ಕೂ ತಾಳೆಯಾಗದೆ ಅರ್ಜಿ ತಿರುಗಿ ಬಂತು. ಬಿತ್ತನೆಯ ಹೊತ್ತಿನಲ್ಲಿ ತಾಲ್ಲೂಕಿಗೆ ಮೂರು ಸಲ ಅಲೆದಾಟ.

ನಮ್ಮ ಹೆಸರಿಡುವ ರೂಢಿಯೂ ಇದಕ್ಕೆ ಕೂಡಿಕೊಳ್ಳುತ್ತದೆ. ಅಜ್ಜನ ಹೆಸರು ಮೊಮ್ಮಗನಿಗೆ. ಶಿವಪ್ಪನ ಮಗ ಮಲ್ಲಪ್ಪ, ಅವನ ಮಗ ಶಿವಪ್ಪ, ಅವನ ಮಗ ಮತ್ತೆ ಮಲ್ಲಪ್ಪ. ಹೀಗಾದಾಗ ‘ಮಲ್ಲಪ್ಪ ಶಿವಪ್ಪ’ ಅಂದರೆ ಅಜ್ಜನೋ ಮೊಮ್ಮಗನೋ? ಅಡ್ಡಹೆಸರೂ ಒಂದೇ. ಇಬ್ಬರನ್ನು ಬೇರೆ ಮಾಡುವುದು ಇಸವಿ ಮಾತ್ರ.

ಆದ್ದರಿಂದ ಮನೆಯ ಹಿರಿಯರು ಇರುವಾಗಲೇ ಒಂದು ವಹಿಯಲ್ಲಿ ಬರೆದಿಡಿರಿ: ಹೆಸರು, ತಂದೆಯ ಹೆಸರು, ಹುಟ್ಟಿದ ಮತ್ತು ತೀರಿದ ಇಸವಿ. ಹೆಣ್ಣುಮಕ್ಕಳನ್ನು ಬಿಡಬೇಡಿರಿ, 2005ರ ಕಾನೂನು ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಬಂದಿದೆ.

ಮನೆಯಲ್ಲಿ ಮುತ್ಯಾ ಮುತ್ಯಾನೇ ಇರಲಿ, ಆ ಮಾತು ಬಿಡಬ್ಯಾಡ್ರಿ. ಅರ್ಜಿಯಲ್ಲಿ ಮಾತ್ರ ‘ವಡಿಲಾಂಚೆ ವಡೀಲ’, ತಂದೆಯ ತಂದೆ, ಅಂತ ಬಿಡಿಸಿ ಬರೆಸ್ರಿ.